ಅಪ್ಪನ ಬಲಗಿವಿಯ ಬಿಳಿ ದಾರ

ಹೆಡ್‌ಫೋನ್ ಕೊಳ್ಳುವವರು ಸಾಮಾನ್ಯವಾಗಿ ಏನನ್ನಾದರೂ ಕೇಳಬೇಕೆಂದು ಕೊಳ್ಳುತ್ತಾರೆ. ನಮ್ಮ ಅಪ್ಪ ಒಬ್ಬರ ಮಾತನ್ನು ಕೇಳಬಾರದೆಂದು ಕೊಂಡರು. ಆ ಒಬ್ಬರು ಯಾರೆಂದು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಹೇಳಿದ್ದರೆ ಅಮ್ಮ ಅಡುಗೆಮನೆಯಲ್ಲಿ ಮುಷ್ಕರ ಹೂಡುತ್ತಿದ್ದಳು. ಏಕೆಂದರೆ ಅವರು ಅಮ್ಮನ ಒಡಹುಟ್ಟಿದ ಅಣ್ಣ, ಸಾರನಾಥನ್ ಮಾಮಾ.

ಮಾಮಾ ಒಳ್ಳೆಯವರು. ಇದನ್ನು ಮೊದಲೇ ಬರೆದುಬಿಡುತ್ತೇನೆ, ಮುಂದೆ ಜಾಗ ಸಿಗುವುದೋ ಇಲ್ಲವೋ. ಬ್ಯಾಂಕಿನ ಕಾರೈಕ್ಕುಡಿ ಶಾಖೆಯಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತರಾದವರು. ಅವರ ದೇಹ ಮಾತ್ರ ನಿವೃತ್ತವಾಗಿ ಚೆನ್ನೈನ ತಿರುವಲ್ಲಿಕ್ಕೇಣಿಗೆ ಬಂತು, ನಾಲಗೆ ಇನ್ನೂ ಅಲ್ಲೇ ಡ್ಯೂಟಿಯಲ್ಲಿದೆ. ಹೋದ ಯಾತ್ರೆಯಲ್ಲಿ ಬಸ್ಸು ಊರಂಚಿನ ತಾಂಬರಂ ದಾಟುವ ಮೊದಲೇ "ನಾನು ಕಾರೈಕ್ಕುಡಿ ಬ್ರಾಂಚಲ್ಲಿದ್ದಾಗ ಮಾಪ್ಪಿಳ್ಳೆ..." ಎಂದು ತಂಗಿಯ ಗಂಡನಾದ ಅಪ್ಪನ ಕಡೆ ತಿರುಗಿ ಶುರುಮಾಡಿದ್ದರು. ತಿರುನೆಲ್ವೇಲಿಯಲ್ಲಿ ಬಸ್ಸು ನಿಂತಾಗ ಆ ಬ್ರಾಂಚಿನ ಬಾಗಿಲು ತೆರೆದು ಕ್ಯಾಷಿಯರ್ ಒಳಗೆ ಬಂದಿದ್ದನಷ್ಟೆ.

ಈ ಸಲದ ಯಾತ್ರೆ ಮಲೆಯಾಳ ಸೀಮೆಯ ವಿಷ್ಣು ದೇವಸ್ಥಾನಗಳಿಗೆ. ನಮ್ಮ ಪಾಟ್ಟಿ, ಅಂದರೆ ಅಪ್ಪನ ತಾಯಿ, ಆ ಊರುಗಳ ಮೇಲೆ ಆಳ್ವಾರರು ಹಾಡಿದ ಪಾಶುರಗಳನ್ನು ದಿನಾ ಸಂಜೆ ದೀಪದ ಮುಂದೆ ಕೂತು ಹೇಳುತ್ತಿದ್ದರು. ಒಂದು ಊರನ್ನೂ ನೋಡದೆ ಕಣ್ಣು ಮುಚ್ಚಿದರು. ಅವರ ಪರವಾಗಿ ತಾನಾದರೂ ನೋಡಬೇಕೆಂಬುದು ಅಪ್ಪನ ಬಹುಕಾಲದ ಆಸೆ. ಹಿಂದೆ ಒಮ್ಮೆ ಹೆಸರು ಕೊಟ್ಟಾಗ ಅಪ್ಪ ಕೆಲಸಕ್ಕಿದ್ದ ರೈಲ್ವೆ ಪಾರ್ಸೆಲ್ ಆಫೀಸಿನ ಆಡಿಟ್ ಅಡ್ಡ ಬಂತು, ಇನ್ನೊಮ್ಮೆ ಅಮ್ಮನ ಮಂಡಿ ಅಡ್ಡ ಬಂತು. ಈಗ ಆಡಿಟ್ ಇಲ್ಲ, ಮಂಡಿಯೂ ಸುಮ್ಮನಿದೆ. ಆದರೆ ಪಕ್ಕದ ಸೀಟಿಗೆ ಮಾಮಾನ ಹೆಸರು ಅಪ್ಪನಿಗಿಂತ ಮೊದಲೇ ಬಿದ್ದಿತ್ತು.

"ಗೋದಾ," ಎಂದು ಅಪ್ಪ ನನ್ನನ್ನು ಬಾವಿಕಟ್ಟೆಗೆ ಕರೆದು ಪಿಸುಗುಟ್ಟಿದರು. "ಕಿವಿಗೆ ಹಾಕ್ಕೊಳ್ಳೋ ಹಾಡಿನ ಯಂತ್ರ ಒಂದು ಬೇಕು ಕಣ್ಣಾ. ದಿನವಿಡೀ ಹಾಕ್ಕೊಂಡ್ರೂ ಕಿವಿ ನೋಯಬಾರ್ದು. ನಾದ ಶುದ್ಧವಾಗಿರ್ಬೇಕು. ಬೆಲೆ ಜಾಸ್ತಿ ಇರ್ಬಾರ್ದು. ಮುಖ್ಯವಾಗಿ, ನಿಮ್ಮಮ್ಮನಿಗೆ ಗೊತ್ತಾಗಬಾರ್ದು."

ಮಾತಾಡುವುದು ನನಗೆ ಕಷ್ಟದ ಕೆಲಸ. ಆದ್ದರಿಂದ ಗುಟ್ಟು ಕಾಪಾಡುವುದು ಸುಲಭ. ಮರುದಿನವೇ ಇಬ್ಬರೂ ಎಲೆಕ್ಟ್ರಾನಿಕ್ಸ್ ಅಂಗಡಿಗಳ ರಿಚ್ಚಿ ಸ್ಟ್ರೀಟಿಗೆ ಹೋದೆವು.

ಅಂಗಡಿಯವನ ತಲೆಗೂದಲು ಮುಳ್ಳುಹಂದಿಯಂತೆ ನಿಂತಿತ್ತು. "ಬೇಸ್ ಜಾಸ್ತಿ ಬೇಕಾ ಸಾರ್, ಕಮ್ಮಿ ಸಾಕಾ?" ಎಂದು ಕೇಳಿದ.

"ಅದೆಲ್ಲ ನನಗೆ ತಿಳೀದಪ್ಪಾ. ತೋಡಿ ರಾಗದ ಗಾಂಧಾರ ಚೆನ್ನಾಗಿ ಅಲುಗಾಡ್ಬೇಕು. ಪಕ್ಕದಲ್ಲಿ ಕೂತೋರು ಅಲುಗಾಡಿದ್ದು ನನಗೆ ಗೊತ್ತಾಗ್ಬಾರ್ದು."

ಅವನು ನನ್ನ ಕಡೆ ತಿರುಗಿದ. "ಏನಂತಾರಮ್ಮಾ ಸಾರು?"

"ಹೊರಗಿನ ಸದ್ದು ಒಳಗೆ ಬರಬಾರ್ದಂತೆ," ಎಂದೆ.

"ಎಂಥ ಸದ್ದು ಸಾರ್? ಟ್ರಾಫಿಕ್ಕಾ? ಫ್ಯಾಕ್ಟರಿಯಾ? ವಿಮಾನವಾ?"

ಅಪ್ಪ ಹಿಂದೆ ಮುಂದೆ ನೋಡಿ, ಕೌಂಟರಿನ ಮೇಲೆ ಬಾಗಿ, ತಗ್ಗಿದ ದನಿಯಲ್ಲಿ ಹೇಳಿದರು. "ಹೆಂಡತಿಯ ಅಣ್ಣ."

ಅಂಗಡಿಯವನು ಗೌರವದಿಂದ ಸ್ಟೂಲು ಎಳೆದುಕೊಟ್ಟ. "ಅದಕ್ಕೆ ಗ್ಯಾರಂಟಿ ಅಂತ ಯಾವ ಕಂಪನೀನೂ ಬರೆದುಕೊಡಲ್ಲ ಸಾರ್. ಕಮ್ಮಿ ರೇಟಿನ ಮೂರು ತರದ್ದಿದೆ. ಮೂರೂ ತಗೊಂಡ್ಹೋಗಿ, ಹಾಕ್ಕೊಂಡು ನೋಡಿ. ಹಿಡಿಸದೇ ಇದ್ದದ್ದನ್ನ ವಾಪಸ್ ತನ್ನಿ. ನಂಗೂ ಒಬ್ಬ ಇದಾನೆ."

ಮೂರರ ಪರೀಕ್ಷೆಯೂ ಮನೆಯಲ್ಲೇ ನಡೆಯಿತು. ನಮ್ಮದು ದೇವಸ್ಥಾನದ ಹಿಂದಿನ ಬೀದಿಯ ಹಳೆಯ ಮನೆ. ಒಂದೇ ಹೆಬ್ಬಾಗಿಲು, ಉದ್ದಕ್ಕೆ ಒಂದು ಕತ್ತಲೆ ನಡುವಣಂಗಳ, ಅದರ ಎರಡೂ ಕಡೆ ಬಾಡಿಗೆಯ ಪೋರ್ಷನ್‌ಗಳು, ಕೊನೆಯಲ್ಲಿ ಬಾವಿ ಮತ್ತು ಎಲ್ಲರಿಗೂ ಸೇರಿದ ಕಕ್ಕಸು. ಇಂಥ ಮನೆಯಲ್ಲಿ ಸೀನಿದರೆ ನಾಲ್ಕು ಬಾಗಿಲುಗಳಿಂದ ಆಶೀರ್ವಾದ ಬರುತ್ತದೆ. ಗುಟ್ಟಾಗಿ ಏನನ್ನಾದರೂ ಮಾಡಲು ಇರುವುದು ತಾರಸಿ ಒಂದೇ.

ಮೊದಲ ಹೆಡ್‌ಫೋನ್ ದೊಡ್ಡದು, ಎರಡು ಇಡ್ಲಿ ತಟ್ಟೆಗಳನ್ನು ಬಿಲ್ಲಿಗೆ ಸಿಕ್ಕಿಸಿದಂತಿತ್ತು. ತಾರಸಿಯಲ್ಲಿ ಒಣಹಾಕಿದ್ದ ಸಂಡಿಗೆಗಳ ನಡುವೆ ಅಪ್ಪ ಅದನ್ನು ಧರಿಸಿ ಕೂತರು. ಚೆನ್ನೈನ ಬಿಸಿಲು ಮೇಲೆ, ಸ್ಪಂಜಿನ ದಿಂಬು ಎರಡೂ ಕಿವಿಗೆ. ಕಚೇರಿಯ ಮೊದಲ ವರ್ಣ ಮುಗಿಯುವುದರೊಳಗೆ ಕಿವಿಗಳಿಂದ ಬೆವರು ಇಳಿಯಿತು, ಹಣೆಯ ನಾಮ ಕರಗಿ ಮೂಗಿನ ತುದಿಗೆ ಬಂತು, ಕನ್ನಡಕದ ಕಡ್ಡಿ ಒತ್ತಿ ತಲೆಯಲ್ಲಿ ಗುಳಿ ಬಿತ್ತು.

"ನಾದ ಹೇಗಿದೆ ಅಪ್ಪಾ?" ಎಂದು ಸನ್ನೆ ಮಾಡಿ ಕೇಳಿದೆ.

ಹೆಡ್‌ಫೋನ್ ಹಾಕಿಕೊಂಡವರು ಮಾತಾಡುವಂತೆಯೇ, ಇಡೀ ಬೀದಿಗೆ ಕೇಳುವ ಹಾಗೆ ಹೇಳಿದರು. "ಮೃದಂಗದವನು ನನ್ನ ತಲೆ ಮೇಲೇ ಕೂತು ಬಾರಿಸ್ತಾ ಇದಾನೆ! ಹಾಡೋರು ಎಲ್ಲೋ ಅವನ ಮನೆ ಹಿತ್ತಲಲ್ಲಿದಾರೆ!"

ಅದು ತಿರಸ್ಕೃತವಾಯಿತು.

ಎರಡನೆಯದು ವಯರಿಲ್ಲದ ಜೋಡಿ, ಒಂದೊಂದೂ ಗೋಡಂಬಿಯಷ್ಟು. ನಾದ ಪರವಾಗಿಲ್ಲ, ಭಾರವಂತೂ ಇಲ್ಲವೇ ಇಲ್ಲ. ಆದರೆ ಅಪ್ಪನ ಕಿವಿಗಳು ವಿಶಾಲ ಹೃದಯದವು, ಬಂದವರನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ನೀರು ಸೇದಲೆಂದು ಬಾವಿಗೆ ಬಗ್ಗಿದಾಗ ಎಡಗಿವಿಯ ಗೋಡಂಬಿ ಒಳಗೆ ಬಿತ್ತು. ಅಪ್ಪ ಬಹಳ ಹೊತ್ತು ಕಟ್ಟೆಗೆ ಕಿವಿಗೊಟ್ಟು ನಿಂತಿದ್ದರು. "ಪಲ್ಲವಿ ಇನ್ನೂ ಮುಗಿದಿರಲಿಲ್ಲ," ಎಂದರು. ಉಳಿದ ಒಂದನ್ನು ಡಬ್ಬಿಯಲ್ಲಿಟ್ಟೆ. ಒಂಟಿಯನ್ನು ರಿಚ್ಚಿ ಸ್ಟ್ರೀಟಿನವನು ವಾಪಸ್ ತೆಗೆದುಕೊಳ್ಳುವುದಿಲ್ಲವಲ್ಲ.

ಮೂರನೆಯದು ಎಲ್ಲಕ್ಕಿಂತ ಅಗ್ಗದ್ದು. ತೆಳ್ಳಗಿನ ಬಿಳಿ ವಯರು, ತುದಿಯಲ್ಲಿ ಎರಡು ಗುಂಡಿ. ಹಾಕಿಕೊಂಡ ಕೂಡಲೇ ಅಪ್ಪನ ಮುಖ ಅರಳಿತು. "ಆಹಾ! ನಾಗಸ್ವರದವರು ಉಸಿರೆಳೆದದ್ದು ಕೇಳಿಸ್ತಾ ಇದೆ. ಮೂರನೇ ಸಾಲಲ್ಲಿ ಯಾರೋ ಕೆಮ್ಮಿದ್ದೂ ಕೇಳಿಸ್ತು!" ಹಗುರವಾಗಿತ್ತು, ಬೆವರಲಿಲ್ಲ, ನಾಮವೂ ನಿಂತ ಜಾಗದಲ್ಲೇ ನಿಂತಿತು. ಜಾರಿಬೀಳುವ ತೊಂದರೆಗೆ ಅಪ್ಪನೇ ಉಪಾಯ ಕಂಡುಹಿಡಿದರು. ವಯರನ್ನು ಬಲಗಿವಿಯ ಮೇಲಿಂದ ಒಂದು ಸುತ್ತು ತಂದು ಗುಂಡಿಯನ್ನು ಒಳಗೆ ಸಿಕ್ಕಿಸುವುದು. ಎಡಗಿವಿ ಮೊದಲಿನಿಂದಲೂ ಸ್ವಲ್ಪ ಮಂದ, ಅಮ್ಮನ ದನಿ ಬಿಟ್ಟರೆ ಬೇರೇನೂ ಅದರೊಳಗೆ ನುಗ್ಗಲಾರದು. ಅದನ್ನು ಅಮ್ಮನಿಗೇ ಮೀಸಲಿಟ್ಟರು.

ಇನ್ನು ಉಳಿದದ್ದು ಬಸ್ಸಿನ ಅಲುಗಾಟದಲ್ಲಿ ಅದು ನಿಲ್ಲುತ್ತದೆಯೇ ಎಂಬ ಪರೀಕ್ಷೆ. ಇದಕ್ಕೆ ತಾರಸಿ ಸಾಲದು, ಓಡಾಡಲು ಉದ್ದನೆಯ ಜಾಗ ಬೇಕು. ಅಪ್ಪ ನಡುವಣಂಗಳಕ್ಕೆ ಇಳಿದರು.

ಈಗ ಓದುಗರು ಆ ದೃಶ್ಯವನ್ನು ಕಣ್ಣಮುಂದೆ ತಂದುಕೊಳ್ಳಬೇಕು. ಬರಿಮೈ, ಪಂಚೆ. ಎದೆಯ ಮೇಲೆ ಬಿಳಿಯ ಜನಿವಾರ. ಅದರ ಪಕ್ಕದಲ್ಲೇ ಅದರಷ್ಟೇ ಬೆಳ್ಳಗಿನ ವಯರು, ಸೊಂಟದಲ್ಲಿ ಸಿಕ್ಕಿಸಿದ ಫೋನಿನಿಂದ ಹೊರಟು ಬಲಗಿವಿಯನ್ನು ಸುತ್ತಿದೆ. ನಮ್ಮ ಜನರಲ್ಲಿ ಜನಿವಾರ ಬಲಗಿವಿಗೆ ಏರಿತೆಂದರೆ ಆ ಮನುಷ್ಯ ಹೊರಟಿರುವ ಜಾಗ ಒಂದೇ. ಅವನನ್ನು ಯಾರೂ ತಡೆಯಬಾರದು, ಮಾತಾಡಿಸಬಾರದು. ದಾರ ಕಿವಿಯಿಂದ ಇಳಿಯುವ ತನಕ ಅವನೂ ತುಟಿ ಬಿಚ್ಚಬಾರದು. ಆ ಜಾಗವೂ ನಡುವಣಂಗಳದ ಕೊನೆಯಲ್ಲೇ ಇತ್ತು.

ಅಪ್ಪ ಹೆಬ್ಬಾಗಿಲಿನಿಂದ ಬಾವಿಯವರೆಗೆ ಹೋಗುತ್ತಿದ್ದರು, ತಿರುಗಿ ಬರುತ್ತಿದ್ದರು, ಮತ್ತೆ ಹೋಗುತ್ತಿದ್ದರು. ರಾಗದ ಆಲಾಪನೆಯಲ್ಲಿ ನಿಧಾನ, ತಾನದಲ್ಲಿ ಬಿರುಸು, ಡೋಲು ಒಂಟಿಯಾಗಿ ನುಡಿಯುವ ತನಿಯಲ್ಲಿ ಓಟ. ಬಸ್ಸು ಗುಂಡಿಗೆ ಬೀಳುವುದನ್ನು ನೆನೆದು ನಡುನಡುವೆ ಒಂದು ಸಣ್ಣ ನೆಗೆತ.

ಮುಂದಿನ ಪೋರ್ಷನ್ನಿನ ನೆರೆಯವರಾದ ಸೆಂಗಮಲಂ ಮಾಮಿ ಕಂಬಕ್ಕೊರಗಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಮಾಮಿಯ ಕಣ್ಣು ಪೊರೆ ಬಂದದ್ದು, ಕುತೂಹಲಕ್ಕೆ ಪೊರೆ ಬಂದಿಲ್ಲ. ಅಪ್ಪ ಮೊದಲ ಸಲ ಹೋದಾಗ ಮರ್ಯಾದೆಯಿಂದ ಮುಖ ತಿರುಗಿಸಿದರು. ಮತ್ತೆ ಹೋದಾಗ ಸೊಪ್ಪು ಕೆಳಗಿಟ್ಟರು. ಓಟ ಶುರುವಾದಾಗ ಎದ್ದುನಿಂತರು.

"ಏನು ಕೋದಂಡರಾಮನ್, ಮೈ ಹುಷಾರಿಲ್ವಾ?"

ಅಪ್ಪ ಕಣ್ಣು ಅರೆಮುಚ್ಚಿ, ಹಲ್ಲು ಕಚ್ಚಿ, ಗಾಳಿಯಲ್ಲಿ ಕೈ ಬೀಸುತ್ತ ಮುಂದೆ ಹೋದರು.

"ಪಾವಂ," ಎಂದು ಮಾಮಿ ಮರುಗಿದರು. ಸೊಪ್ಪನ್ನು ಅಲ್ಲೇ ಬಿಟ್ಟು ಪಕ್ಕದ ಬಾಗಿಲು ತಟ್ಟಿದರು.

ಸಂಜೆಯ ಹೊತ್ತಿಗೆ ಸುದ್ದಿ ದೇವಸ್ಥಾನದ ಕೊಳದ ಮೆಟ್ಟಿಲು ಮುಟ್ಟಿತ್ತು. ಮಾಮಿಯ ವರ್ಣನೆ ಬಾಗಿಲು ಬಾಗಿಲಿಗೆ ಮೈದುಂಬಿಕೊಂಡಿತು. "ಒಂದ್ಸಲ ಮೆಲ್ಲಗೆ ಹೋಗ್ತಾರೆ, ಒಂದ್ಸಲ ಓಡ್ತಾರೆ, ಇನ್ನೊಂದ್ಸಲ ತಡ್ಕೊಳ್ಳಕ್ಕಾಗದೆ ಎಗರ್ತಾರೆ ಡೀ! ಹೋದ ದಾರೀಲೇ ವಾಪಸ್ ಬರ್ತಾರೆ, ಬಂದದ್ದೇ ಮತ್ತೆ ಹೋಗ್ತಾರೆ. ಎಂಥ ನೋವೋ, ಕೈ ಹೀಗೆ ಹೀಗೆ ಆಡಿಸ್ತಾರೆ!" ಎಂದು ಮಾಮಿ ಆಡಿಸಿ ತೋರಿಸಿದ ಕೈ ಶುದ್ಧ ಆದಿತಾಳದಲ್ಲಿತ್ತು. ಅದನ್ನು ಗುರುತಿಸುವ ಸಂಗೀತಗಾರರು ದುರದೃಷ್ಟವಶಾತ್ ಅಲ್ಲಿ ಯಾರೂ ಇರಲಿಲ್ಲ.

ನಮ್ಮ ಪೋರ್ಷನ್ನಿಗೆ ಔಷಧಗಳ ಮೆರವಣಿಗೆ ಬಂತು. ದಾಳಿಂಬೆ ಸಿಪ್ಪೆಯ ಕಷಾಯ, ಮೆಂತ್ಯ ಹಾಕಿದ ಮಜ್ಜಿಗೆ, ಬಾಳೆಕಾಯಿ ಪುಡಿ. ಎದುರುಮನೆಯವರು ಮಂತ್ರಿಸಿದ ನೀರನ್ನು ಹಳೆಯ ಕೂಲ್‌ಡ್ರಿಂಕ್ ಬಾಟಲಿಯಲ್ಲಿ ಕಳಿಸಿದರು. ಅಮ್ಮ ಎಲ್ಲವನ್ನೂ ಸಾಲಾಗಿ ಜೋಡಿಸಿ, ಅಪ್ಪನನ್ನು ಎದುರಿಗೆ ಕೂರಿಸಿಕೊಂಡಳು.

"ಏನ್ರೀ, ಹೊಟ್ಟೆ ಸರಿಯಿಲ್ಲ ಅಂತ ಊರಿಗೆಲ್ಲ ಗೊತ್ತು. ಕಟ್ಟಿಕೊಂಡೋಳಿಗೆ ಗೊತ್ತಿಲ್ಲ."

"ಹೊಟ್ಟೆಗೇನಾಗಿದೆ ಕೋಮಳಾ? ಕಲ್ಲಿನ ಹಾಗಿದೆ."

"ಹಾಗಾದ್ರೆ ಬೆಳಿಗ್ಗೆಯಿಂದ ಕಿವಿಗೆ ದಾರ ಸುತ್ಕೊಂಡು ಓಡಾಡ್ತಾ ಇದ್ದದ್ದು ಯಾಕೆ?"

ಅಪ್ಪ ನನ್ನನ್ನು ನೋಡಿದರು. ನಾನು ಗೋಡೆಯನ್ನು ನೋಡಿದೆ. ದಾರವಲ್ಲ ವಯರು ಎಂದರೆ, ವಯರು ಯಾಕೆ ಎನ್ನುತ್ತಾಳೆ. ಬಸ್ಸಿಗೆ ಎಂದರೆ, ಬಸ್ಸಿನಲ್ಲಿ ಪಕ್ಕಕ್ಕೆ ಅಣ್ಣ ಇರುವಾಗ ಹಾಡು ಯಾಕೆ ಎನ್ನುತ್ತಾಳೆ. ಆಮೇಲಿನ ಪ್ರಶ್ನೆಗಳನ್ನು ನೆನೆಸಿಕೊಂಡೇ ಅಪ್ಪ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡರು.

"ಸ್ವಲ್ಪ," ಎಂದರು ಮೆಲ್ಲಗೆ. "ಸ್ವಲ್ಪ ಸರಿಯಿಲ್ಲ."

ಆ ಒಂದು ಮಾತಿಗೆ ಅಪ್ಪ ತೆತ್ತ ದಂಡವೇ ಗಂಜಿ. ನಮಗೆಲ್ಲ ಮೆಣಸಿನ ವಡೆ, ಅಪ್ಪನಿಗೆ ಗಂಜಿ. ನಮಗೆ ಪುಳಿಯೋದರೈ, ಅಪ್ಪನಿಗೆ ಬಾಳೆಕಾಯಿ ಪುಡಿ ಹಾಕಿದ ಗಂಜಿ. ಗಂಜಿ ಕುಡಿದು ಅಪ್ಪನ ಕೆನ್ನೆ ಬತ್ತಿತು. ಬತ್ತಿದ ಕೆನ್ನೆ ನೋಡಿ, "ನಾ ಹೇಳ್ಲಿಲ್ವಾ?" ಎಂದರು ಸೆಂಗಮಲಂ ಮಾಮಿ.

ಯಾತ್ರೆಗೆ ಇನ್ನು ಕೆಲವೇ ದಿನ ಉಳಿದಿರುವಾಗ ಟೂರ್ ಅಪ್ಪಲಾಚಾರಿ ಬಂದರು. ಬಸ್ಸು ಗೊತ್ತುಮಾಡುವುದು, ಅಡುಗೆಯವರನ್ನು ಕರೆತರುವುದು, ಯಾತ್ರಿಕರನ್ನು ಗದರುವುದು, ಮೂರೂ ಅವರದೇ. ಕೈಯಲ್ಲಿ ಛತ್ರಿ, ಕಂಕುಳಲ್ಲಿ ಚರ್ಮದ ಬ್ಯಾಗು. ಅವರ ಹಿಂದೆಯೇ ಮಾಮಾ ಆತಂಕದ ಮುಖ ಹೊತ್ತು ಒಳಗೆ ಬಂದರು.

"ಕೋದಂಡರಾಮನ್ ಅವರೇ, ನೇರ ಮಾತಾಡ್ತೀನಿ, ತಪ್ಪು ತಿಳೀಬೇಡಿ," ಎಂದು ಅಪ್ಪಲಾಚಾರಿ ಬಾಗಿಲ ಬಳಿಯಿಂದಲೇ ಶುರುಮಾಡಿದರು. "ಮಲೆಯಾಳ ದೇವರು ನಮ್ಮ ದೇವರ ಹಾಗಲ್ಲ. ಮಧ್ಯಾಹ್ನ ಆಯ್ತು ಅಂದ್ರೆ ಬಾಗಿಲು ಹಾಕ್ಕೊಂಡ ಅಂದ್ರೆ ಹಾಕ್ಕೊಂಡ. ಹೋದ ವರ್ಷ ದೇಶಿಕನ್ ಅಂತ ಒಬ್ರು, ಪೊದೆ ಕಂಡಲ್ಲೆಲ್ಲ ಬಸ್ ನಿಲ್ಸಿದ್ರು. ಇಡೀ ಬಸ್ಸು ಮುಚ್ಚಿದ ಬಾಗಿಲಿಗೇ ಕೈಮುಗಿದು ಬಂತು. ಈ ಸಲ ನಿಮ್ಮ ಸೀಟು ಬೇರೆಯೋರಿಗೆ ಕೊಡೋಣ ಅಂತ."

ಅಪ್ಪನ ಮುಖದಲ್ಲಿ ಉಳಿದಿದ್ದ ರಕ್ತವೂ ಇಳಿಯಿತು. ಗೋಡೆಯ ಮೇಲಿದ್ದ ಪಾಟ್ಟಿಯ ಫೋಟೋ ಕಡೆ ಕಣ್ಣು ಹೋಯಿತು. "ಸ್ವಾಮೀ, ನಾನು ಗುಂಡುಕಲ್ಲಿನ ಹಾಗಿದೀನಿ."

"ಗುಂಡುಕಲ್ಲು ಗಂಜಿ ಯಾಕೆ ಕುಡೀತಿದೆ?" ಎಂದು ಅಪ್ಪಲಾಚಾರಿ ಅಪ್ಪನ ಮುಂದಿದ್ದ ಗಂಜಿಯ ಚೆಂಬಿನ ಕಡೆ ಛತ್ರಿ ತೋರಿಸಿದರು.

ಆಗ ಮಾಮಾ ಮುಂದೆ ಬಂದರು. "ಅಪ್ಪಲಾಚಾರೀ, ಮಾಪ್ಪಿಳ್ಳೆ ಬರ್ದೇ ಇದ್ರೆ ನಾನೂ ಬರಲ್ಲ, ನನ್ನ ಹೆಸರೂ ಹೊಡೆದುಹಾಕಿ. ಅವರ ಪಕ್ಕದಲ್ಲಿ ನಾನಿರ್ತೀನಿ. ಮಾತಲ್ಲೇ ಮನಸ್ಸು ಬೇರೆ ಕಡೆ ತಿರುಗಿಸ್ತೀನಿ. ಕಾರೈಕ್ಕುಡಿ ಬ್ರಾಂಚಲ್ಲಿ ನಮ್ಮ ಮ್ಯಾನೇಜರಿಗೂ ಇದೇ ತೊಂದರೆ..."

ಅಪ್ಪಲಾಚಾರಿ ಗಾಬರಿಯಿಂದ ಕೈ ಎತ್ತಿದರು. ಅವರೂ ಹೋದ ಯಾತ್ರೆಯಲ್ಲಿ ಮಾಮಾನ ಹಿಂದಿನ ಸೀಟಿನಲ್ಲಿದ್ದವರು. "ಆಯ್ತು, ಆಯ್ತು! ಒಂದು ಪರೀಕ್ಷೆ. ಭಾನುವಾರ ಮಂಟಪದಲ್ಲಿ ಉಪನ್ಯಾಸ ಇದೆ. ಆ ಉಪನ್ಯಾಸಕರು ಕೂತ್ರೆ ಎದ್ದೇಳೋರಲ್ಲ. ಶುರುವಿನಿಂದ ಮಂಗಳದ ತನಕ ಕೋದಂಡರಾಮನ್ ಕೂತ ಜಾಗ ಬಿಟ್ಟು ಏಳದೇ ಇದ್ರೆ ಸೀಟು ಅವರದ್ದು. ಎದ್ರೋ, ಮುಗೀತು. ಏನೇ ಆಗ್ಲಿ, ಡ್ರೈವರ್ ಏಳುಮಲೈಗೆ ಹೇಳಿಟ್ಟಿದೀನಿ. ಕನ್ನಡೀಲಿ ಯಾರ ಕಿವಿ ಮೇಲೆ ದಾರ ಕಂಡ್ರೂ, ಯಾರನ್ನೂ ಕೇಳದೆ ಬಸ್ ನಿಲ್ಸು ಅಂತ."

ಪರೀಕ್ಷೆ ಸುಲಭವೆಂದು ಅಪ್ಪ ಹಿಗ್ಗಿದರು. ಕೂರುವುದು ಪಾರ್ಸೆಲ್ ಆಫೀಸಿನಲ್ಲಿ ಅವರ ವೃತ್ತಿಯೇ ಆಗಿತ್ತು. ಆದರೆ ಅಪ್ಪಲಾಚಾರಿ ಹೋಗುತ್ತಾ ಇನ್ನೊಂದು ಮಾತು ಸೇರಿಸಿದರು. "ಸಾರನಾಥನ್, ನೀವು ಅವರ ಪಕ್ಕದಲ್ಲೇ ಕೂತು ಕಾವಲಿರಿ."

ಭಾನುವಾರ ಬೆಳಿಗ್ಗೆ ಅಪ್ಪ ನನ್ನನ್ನು ಮತ್ತೆ ಬಾವಿಕಟ್ಟೆಗೆ ಕರೆದರು. "ಆ ಒಂಟಿ ಗೋಡಂಬಿ ಎಲ್ಲಿಟ್ಟಿದೀಯ ಕಣ್ಣಾ?"

ನಾನು ಡಬ್ಬಿ ತಂದೆ. ಜಾರದಂತೆ ಸುತ್ತಲೂ ಹತ್ತಿ ಇಟ್ಟು ಬಲಗಿವಿಗೆ ತುರುಕಿದೆ. ಮೇಲೆ ಒಂದು ಹನಿ ಅತ್ತರು. ಅತ್ತರಿನ ಹತ್ತಿ ಕಿವಿಯಲ್ಲಿಟ್ಟುಕೊಳ್ಳುವ ಹಳಬರು ನಮ್ಮ ಬೀದಿಯಲ್ಲಿ ಎಷ್ಟೋ ಜನ. ಸೆಂಗಮಲಂ ಮಾಮಿ ಮಾತ್ರ ಮಂಟಪದ ಬಾಗಿಲಲ್ಲೇ ನೋಡಿ, "ಅಯ್ಯೋ, ಈಗ ಕಿವಿಗೂ ಬಂತಾ!" ಎಂದು ನಿಟ್ಟುಸಿರಿಟ್ಟರು.

ಮಂಟಪ ತುಂಬಿತ್ತು. ಅಂಥ ಜನ ಉಪನ್ಯಾಸಕ್ಕೆ ಎಂದೂ ಬಂದಿರಲಿಲ್ಲ. ಅರ್ಧ ಜನ ಉಪನ್ಯಾಸಕರ ಕಡೆ ಮುಖ ಮಾಡಿ ಕೂತಿದ್ದರು, ಉಳಿದರ್ಧ ಅಪ್ಪನ ಕಡೆ. ಮಾಮಾ ಅಪ್ಪನ ಎಡಕ್ಕೆ ಮಂಡಿಗೆ ಮಂಡಿ ತಾಗಿಸಿ ಕೂತರು. ಆ ದಿನದ ವಿಷಯ, ಆನೆಯ ಕಾಲನ್ನು ಮೊಸಳೆ ಹಿಡಿದುಕೊಂಡದ್ದು. ಮೊಸಳೆ ಹಿಡಿಯಿತು. ಬಿಡುವ ಲಕ್ಷಣ ಕಾಣಲಿಲ್ಲ. ಉಪನ್ಯಾಸಕರಿಗೂ ಅವಸರವಿರಲಿಲ್ಲ.

"ಮಾಪ್ಪಿಳ್ಳೆ, ಹೇಗಿದೆ?" ಎಂದು ಮಾಮಾ ಆಗಾಗ ಪಿಸುಗುಟ್ಟುತ್ತಿದ್ದರು. "ಮೊಸಳೆ ಅಂದ್ರೆ ನೆನಪಾಯ್ತು, ಕಾರೈಕ್ಕುಡಿ ಬ್ರಾಂಚಲ್ಲಿ ಒಬ್ಬ ಇನ್ಸ್‌ಪೆಕ್ಟರ್..."

ಅಪ್ಪ ಪ್ರಸನ್ನವದನರಾಗಿ ತಲೆದೂಗಿದರು. ಅವರ ಬಲಗಿವಿಯಲ್ಲಿ ನಾಗಸ್ವರದವರು ತೋಡಿಯನ್ನು ಎತ್ತಿಕೊಂಡಿದ್ದರು. ನಾನು ಹೆಂಗಸರ ಸಾಲಿನಿಂದ ನೋಡುತ್ತಿದ್ದೆ. ಮಂಟಪದ ಆಚೆ ಬದಿಯ ಗಂಡಸರು ಒಬ್ಬೊಬ್ಬರಾಗಿ ಎದ್ದು ಹೊರಗೆ ಹೋಗಿಬಂದರು. ಅಪ್ಪಲಾಚಾರಿಯೇ ಒಮ್ಮೆ ಹೋಗಿಬಂದರು. ಅಪ್ಪ ಕದಲಲಿಲ್ಲ.

ಕೊನೆಗೂ ಆನೆ ಪಾರಾಯಿತು. ಮಂಗಳ ಹಾಡಿದರು, ಎಲ್ಲರೂ ಎದ್ದರು. ಬಾಗಿಲಲ್ಲಿ ಬಿಸಿ ಪೊಂಗಲಿನ ಪರಿಮಳ ಎದ್ದಿತು. ಅಪ್ಪಲಾಚಾರಿ ನಗುತ್ತ ಹತ್ತಿರ ಬಂದರು. "ಗೆದ್ರಿ ಕೋದಂಡರಾಮನ್! ಏಳಿ ಏಳಿ, ಸೀಟು ನಿಮ್ಮದೇ!"

ಅಪ್ಪ ಏಳಲಿಲ್ಲ.

ಕಣ್ಣು ಮುಚ್ಚಿತ್ತು. ಹುಬ್ಬು ಗಂಟಿಕ್ಕಿತ್ತು. ಎರಡೂ ಕೈಗಳು ತೊಡೆಯನ್ನು ಬಿಗಿಯಾಗಿ ಹಿಡಿದಿದ್ದವು. ಬಲಗಿವಿಯಲ್ಲಿ ತನಿ ತನ್ನ ತುತ್ತತುದಿಗೆ ಬಂದಿತ್ತೆಂದು ಇಡೀ ಮಂಟಪದಲ್ಲಿ ನನಗೊಬ್ಬಳಿಗೆ ಗೊತ್ತಿತ್ತು. ಹೇಳೋಣವೆಂದು ಬಾಯಿ ತೆರೆದೆ. ನನ್ನ ದನಿ ಇಂಥ ಹೊತ್ತಿನಲ್ಲಿ ಎಂದೂ ಬಂದದ್ದಿಲ್ಲ, ಆಗಲೂ ಬರಲಿಲ್ಲ.

"ಯಾಕೆ ಏಳ್ತಿಲ್ಲ?" ಯಾರೋ ಕೇಳಿದರು.

"ಏಳಕ್ಕಾಗ್ತಿಲ್ಲ," ಎಂದರು ಸೆಂಗಮಲಂ ಮಾಮಿ. ಆಮೇಲೆ ದನಿ ತಗ್ಗಿಸಿ, ಎಲ್ಲರಿಗೂ ಕೇಳುವಂತೆ ಹೇಳಿದರು. "ಆಗಿಹೋಗಿದೆ ಅನ್ಸತ್ತೆ, ಪಾವಂ."

ಜನ ಅಲೆಯಂತೆ ಹಿಂದೆ ಸರಿದರು. ಅಪ್ಪಲಾಚಾರಿ ಮುಂಜಾಗ್ರತೆಯಾಗಿ ಮೂಗಿಗೆ ಅಂಗವಸ್ತ್ರ ಒತ್ತಿಕೊಂಡರು. ಯಾರೋ ಬಕೆಟ್ಟು ಎಂದರು, ಯಾರೋ ಬೇರೆ ಪಂಚೆ ಎಂದರು. ಪೊಂಗಲ್ ಬಡಿಸುತ್ತಿದ್ದವರು ಹಂಡೆಗೆ ಮುಚ್ಚಳ ಹಾಕಿದರು. ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಒಬ್ಬರು ಮಾತ್ರ ಹಿಂದೆ ಸರಿಯಲಿಲ್ಲ. ಮಾಮಾ ತಮ್ಮ ಜರಿಯ ಅಂಗವಸ್ತ್ರವನ್ನು ತೆಗೆದು ಅಪ್ಪನ ಸೊಂಟಕ್ಕೆ ಸುತ್ತಿದರು. "ಯಾರೂ ನೋಡ್ಬೇಡಿ! ತಿರುಗಿ ನಿಂತ್ಕೊಳ್ಳಿ ಎಲ್ಲಾ! ಮನುಷ್ಯನಿಗಲ್ದೆ ಮರಕ್ಕೆ ಬರತ್ತಾ ಇದು?" ಅವರ ಕಣ್ಣಲ್ಲಿ ನೀರು ತುಂಬಿತ್ತು. "ಮಾಪ್ಪಿಳ್ಳೆ, ನಾಚ್ಕೋಬೇಡಿ. ನನ್ನ ಕತ್ತು ಹಿಡ್ಕೊಳ್ಳಿ, ಮೆಲ್ಲಗೆ ಏಳಿ."

ಅಪ್ಪ ಕಣ್ಣು ತೆರೆದರು. ತನಿ ಆಗಷ್ಟೇ ಮುಗಿದಿತ್ತು.

"ಶಹಭಾಸ್!" ಎಂದು ಮಂಟಪ ನಡುಗುವಂತೆ ಕೂಗಿ ತೊಡೆ ತಟ್ಟಿದರು. "ಏನು ಮುಕ್ತಾಯ! ಎಂಥ ಮುಕ್ತಾಯ!"

ಮಾಮಾ ಬೆಚ್ಚಿ ಕೈಬಿಟ್ಟರು. ಆ ಎಳೆದಾಟದಲ್ಲಿ ಹತ್ತಿ ಸಡಿಲಾಗಿ, ಗೋಡಂಬಿ ಅಪ್ಪನ ಕಿವಿಯಿಂದ ಜಾರಿ ಕಲ್ಲುನೆಲದ ಮೇಲೆ ಉರುಳುತ್ತ ಸೆಂಗಮಲಂ ಮಾಮಿಯ ಕಾಲ ಬಳಿ ನಿಂತಿತು. ಮಾಮಿ ಎತ್ತಿ ಕಿವಿಗೆ ಹಿಡಿದರು. ಅವರ ಮುಖದ ಮೇಲೆ ಹಲವಾರು ಬಣ್ಣಗಳು ಬಂದುಹೋದವು.

"ಇದ್ರೊಳಗೆ ಯಾರೋ ನಾಗಸ್ವರ ಊದ್ತಿದಾರೆ."

ಅಪ್ಪನ ಬಣ್ಣ ಬಯಲಾಗಲು ಆಮೇಲೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಸೊಂಟದಲ್ಲಿ ಫೋನಿನ ಜೊತೆ ಮಡಿಚಿಟ್ಟಿದ್ದ ಬಿಳಿಯ ವಯರೂ ಹೊರಗೆ ಬಂತು. ಅಪ್ಪಲಾಚಾರಿ ಅದನ್ನು ಜನಿವಾರದ ಪಕ್ಕದಲ್ಲಿ ಹಿಡಿದು, ದೂರದಿಂದ ಒಮ್ಮೆ ಹತ್ತಿರದಿಂದ ಒಮ್ಮೆ ನೋಡಿ, "ಹತ್ತು ಅಡಿಯಿಂದ ಯಾರಿಗಾದ್ರೂ ಮೋಸ ಆಗತ್ತೆ," ಎಂದು ಸೆಂಗಮಲಂ ಮಾಮಿಯ ಮರ್ಯಾದೆ ಉಳಿಸಿದರು. ಜನ ನಕ್ಕರು. ಹಂಡೆಯ ಮುಚ್ಚಳ ತೆರೆಯಿತು.

ನಗದೆ ನಿಂತವರು ಇಬ್ಬರೇ, ಅಮ್ಮ ಮತ್ತು ಮಾಮಾ.

"ಏನ್ರೀ, ಗಂಜಿ ಕುಡಿಯೋವಷ್ಟು ಗುಟ್ಟು ಏನಿತ್ತು ಇದರಲ್ಲಿ? ಇದು ಯಾತಕ್ಕೆ?" ಎಂದಳು ಅಮ್ಮ.

"ಬಸ್ಸಿಗೆ..." ಎಂದರು ಅಪ್ಪ.

"ಬಸ್ಸಲ್ಲಿ ಪಕ್ಕದ ಸೀಟು ನಂದಲ್ವಾ ಮಾಪ್ಪಿಳ್ಳೆ?" ಎಂದರು ಮಾಮಾ.

ಅಪ್ಪ ನೆಲ ನೋಡಿದರು. ಅವರ ಸೊಂಟದಲ್ಲಿ ಮಾಮಾನ ಜರಿ ಅಂಗವಸ್ತ್ರ ಇನ್ನೂ ಸುತ್ತಿಕೊಂಡೇ ಇತ್ತು. ಮಾಮಾ ವಯರನ್ನು ಕೈಗೆ ತೆಗೆದುಕೊಂಡು ಉದ್ದಕ್ಕೆ ಬಿಡಿಸಿದರು. ಒಂದು ಗುಂಡಿ ನೋಡಿದರು, ಇನ್ನೊಂದು ಗುಂಡಿ ನೋಡಿದರು. ನಿಧಾನವಾಗಿ ಅವರ ಮುಖ ಬೆಳಗಿತು.

"ಓಹೋ! ಇದಕ್ಕೆ ಎರಡು ತುದಿ ಇದೆ! ಕೋಮಳಾ, ನೋಡು ಡೀ, ನಿನ್ನ ಯಜಮಾನ್ರು ನನಗೂ ಒಂದು ಇರ್ಲಿ ಅಂತ ಎರಡು ತುದಿ ಇರೋದನ್ನೇ ಹುಡುಕಿ ತಂದಿದಾರೆ! ಮುಂಚೆ ಹೇಳಿದ್ರೆ ಬೇಡ ಅಂತೀನಿ ಅಂತ ಗುಟ್ಟಾಗಿಟ್ಟಿದಾರೆ!"

ಅಪ್ಪ ತಲೆ ಎತ್ತಿದರು. "ಹೌದು," ಎಂದರು. ಆ ಹೊತ್ತಿಗೆ ಅದು ನಿಜವೂ ಆಗಿಬಿಟ್ಟಿತ್ತೆಂದು ನನ್ನ ಅನುಮಾನ. ಮಾಮಾ ಮುಗ್ಧರೋ ಅಥವಾ ನಮ್ಮೆಲ್ಲರಿಗಿಂತ ದೊಡ್ಡವರೋ, ನನಗೆ ಇಂದಿಗೂ ಗೊತ್ತಾಗಿಲ್ಲ. ಅಮ್ಮ ಮಾತ್ರ ಅಪ್ಪನನ್ನು ಒಂದು ನೋಟ ನೋಡಿದಳು. ಮರುದಿನವೂ ಅಪ್ಪನಿಗೆ ಗಂಜಿಯೇ.

ಬಸ್ಸು ಹೊರಟಿತು. ಅಪ್ಪ ಕಿಟಕಿಯ ಬಳಿ, ಮಾಮಾ ಅವರ ಎಡಕ್ಕೆ, ನಾನೂ ಅಮ್ಮನೂ ಹಿಂದಿನ ಸೀಟಿನಲ್ಲಿ. ಒಂದು ಗುಂಡಿ ಅಪ್ಪನ ಬಲಗಿವಿಗೆ, ಇನ್ನೊಂದು ಮಾಮಾನ ಬಲಗಿವಿಗೆ. ಅಪ್ಪನೇ ಕಲಿಸಿಕೊಟ್ಟಂತೆ ಇಬ್ಬರೂ ವಯರನ್ನು ಕಿವಿಯ ಮೇಲಿಂದ ಒಂದು ಸುತ್ತು ತಂದಿದ್ದರು. ಮಾಮಾ ತಾಂಬರಂ ದಾಟುವ ಮೊದಲೇ ಕಾರೈಕ್ಕುಡಿ ಬ್ರಾಂಚಿನ ಬಾಗಿಲು ತೆರೆದರು. ಅಪ್ಪನ ಎಡಗಿವಿಗೆ ಅದು ದೂರದ ಮಳೆಯಷ್ಟೇ ಕೇಳಿಸುತ್ತಿದ್ದಿರಬೇಕು. ತಾಳಕ್ಕೆ ತಲೆದೂಗುತ್ತಿದ್ದರು. "ನೋಡು ಕೋಮಳಾ," ಎಂದು ಮಾಮಾ ಹಿಂದೆ ತಿರುಗಿ ಹೇಳಿದರು, "ಹಾಡು ಹಾಕ್ಕೊಂಡ ಮೇಲೆ ಮಾಪ್ಪಿಳ್ಳೆ ನನ್ನ ಮಾತು ಎಷ್ಟು ಗಮನ ಇಟ್ಟು ಕೇಳ್ತಾರೆ!"

ಚೆಂಗಲ್ಪಟ್ಟಿನ ಕೆರೆ ಕಾಣಿಸುತ್ತಿದ್ದಂತೆ ಬಸ್ಸು ಕಿರ್ರನೆ ನಿಂತಿತು. ಎಲ್ಲರೂ ಮುಂದಿನ ಸೀಟಿಗೆ ಹಣೆ ಚಚ್ಚಿಕೊಂಡರು. ಡ್ರೈವರ್ ಏಳುಮಲೈ ಬಾಗಿಲು ತೆರೆದು, ನಮ್ಮ ಸೀಟಿನ ಬಳಿ ಬಂದು, ವಿನಯದಿಂದ ಕೈ ಚಾಚಿದ. "ಇಳೀರಿ ಸಾಮಿ, ಬೇಗ. ಇಲ್ಲಿ ಪೊದೆ ಚೆನ್ನಾಗಿದೆ."

ಅವನಿಗೆ ಕೊಟ್ಟಿದ್ದ ಅಪ್ಪಣೆಯನ್ನು ವಾಪಸ್ ತೆಗೆದುಕೊಳ್ಳಲು ಅಪ್ಪಲಾಚಾರಿ ಮರೆತಿದ್ದರು. ಏಳುಮಲೈ ಅಪ್ಪನ ಕಿವಿ ನೋಡಿದ, ಮಾಮಾನ ಕಿವಿ ನೋಡಿದ, ಎರಡನ್ನೂ ಕೂಡಿಸಿದ್ದ ದಾರ ನೋಡಿದ. "ಇಬ್ರಿಗೂ ಒಟ್ಟಿಗೇನಾ ಸಾಮಿ? ಒಂದೇ ದಾರದಲ್ಲಾ?"

ಬಸ್ಸು ಘೊಳ್ಳೆಂದಿತು. "ನಿಂತದ್ದು ನಿಂತಿದೆ, ಬನ್ನಿ ಮಾಪ್ಪಿಳ್ಳೆ, ಹೋಗೇಬರೋಣ," ಎಂದು ಮಾಮಾ ಎದ್ದರು. ಇಬ್ಬರೂ ವಯರು ಬಿಚ್ಚಿಟ್ಟು ಕೆಳಗಿಳಿದರು. "ಕಾರೈಕ್ಕುಡಿ ಬ್ರಾಂಚಲ್ಲಿದ್ದಾಗ ಒಂದ್ಸಲ ಹೀಗೇ..." ಎನ್ನುತ್ತ ಮಾಮಾ ಪೊದೆಯತ್ತ ನಡೆದರು. ನಡೆಯುತ್ತಲೇ ನಿಜವಾದ ಜನಿವಾರವನ್ನು ಬಲಗಿವಿಗೆ ಏರಿಸಿದರು.

ಏರಿಸಿದ ಕೂಡಲೇ ಮಾತು ನಿಂತಿತು.

ಅಪ್ಪ ನಡೆಯುತ್ತಿದ್ದವರು ಹಾಗೇ ನಿಂತರು. ಕೆರೆಯ ಮೇಲೆ ಗಾಳಿ ಬೀಸುತ್ತಿತ್ತು. ಎಲ್ಲೋ ಒಂದು ಹಕ್ಕಿ ಕೂಗಿತು. ಅಪ್ಪ ಮಾಮಾನ ಕಿವಿಯ ಮೇಲಿದ್ದ ದಾರವನ್ನೇ ಬಹಳ ಹೊತ್ತು ನೋಡಿದರು. ಹಗುರ, ಬೆವರುವುದಿಲ್ಲ, ಬಾವಿಗೆ ಬೀಳುವುದಿಲ್ಲ, ಹೊರಗಿನ ಸದ್ದನ್ನು ಪೂರ್ತಿ ತಡೆಯುತ್ತದೆ. ಇಷ್ಟು ದಿನ ತಪ್ಪಿದ್ದು ಒಂದೇ, ಅದು ಯಾರ ಕಿವಿಯಲ್ಲಿರಬೇಕೆಂಬುದು.

ಬಸ್ಸು ಹತ್ತುವಾಗ ಅಪ್ಪ ಮೆಟ್ಟಿಲ ಮೇಲೆ ತಡೆದು, ಏಳುಮಲೈಯ ಕಿವಿಯಲ್ಲಿ ಪಿಸುಗುಟ್ಟಿದ್ದು ನನಗೆ ಕೇಳಿಸಿತು.

"ನಾಳೆ ಮಧ್ಯಾಹ್ನದೊಳಗೆ ದೇವಸ್ಥಾನ ತಲುಪ್ಬೇಕು, ಅದು ಸರಿಯಪ್ಪಾ. ಆದ್ರೂ... ಮುಂದಿನ ಒಳ್ಳೇ ಪೊದೆ ಎಷ್ಟು ದೂರದಲ್ಲಿದೆ?"